ಸ್ವಾಹಿಲಿಯಲ್ಲಿ ‘ದಿನಾ ಸ್ನಾನ ಮಾಡುತ್ತೇನೆ’ ಅಂತ ಹೇಳುವುದು ಹೇಗೆ? ‘ಹು’ ಬಗ್ಗೆ ಗೊಂದಲ

ಹೊಸಬ_ದಾರ್

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವನು. ಕೆಲಸದ ಮೇಲೆ ತಾನ್ಜಾನಿಯಾದ ದಾರ್ ಎಸ್ ಸಲಾಮ್‌ಗೆ ಬಂದು ಐದು ತಿಂಗಳಾಯಿತು. ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದೆ. ಆದರೆ ಪಕ್ಕದ ಮನೆಯವರು, ತರಕಾರಿ ಮಾರುವವರು, ಕಟಿಂಗ್ ಶಾಪಿನವರು ಎಲ್ಲರೂ ಆಡುವುದು ಸ್ವಾಹಿಲಿ. ಅವರ ಜೊತೆ ಸರಿಯಾಗಿ ಮಾತಾಡಬೇಕು ಅಂತ ಸಂಜೆ ಹೊತ್ತು ಪಾಠಕ್ಕೆ ಹೋಗುತ್ತಿದ್ದೇನೆ.

ಹೋದ ವಾರ ‘ಬೆಳಗ್ಗೆ ಎದ್ದು ಏನೇನು ಮಾಡುತ್ತೀರಿ’ ಅಂತ ಹತ್ತು ವಾಕ್ಯ ಬರೆಯಲು ಹೇಳಿದರು. ನಾನು ಎಲ್ಲದಕ್ಕೂ ‘ನಿನ’ ಸೇರಿಸಿ ಬರೆದೆ. ‘ನಿನಓಗ’, ಅಂದರೆ ಸ್ನಾನ ಮಾಡುತ್ತೇನೆ. ಮೇಡಂ ಅದನ್ನೆಲ್ಲ ಹೊಡೆದು ಹಾಕಿ ‘ಹುಓಗ’ ಅಂತ ತಿದ್ದಿದರು. ಹಾಗಾದರೆ ನಾನು ಬರೆದದ್ದು ತಪ್ಪಾ?

ಇನ್ನೊಂದು. ಪಕ್ಕದ ಮನೆಯ ಹುಡುಗನಿಗೆ ‘ನೀನು ಬೆಳಗ್ಗೆ ಸ್ನಾನ ಮಾಡ್ತೀಯಾ?’ ಅಂತ ಕೇಳಲು ಹೋಗಿ ‘ಹುಓಗಿ ಅಸುಬುಹಿ?’ ಅಂದೆ. ಅವನ ತಾಯಿಯ ಮುಖ ಸಣ್ಣದಾಯಿತು. ನಾನು ಏನು ಹೇಳಿಬಿಟ್ಟೆ ಅಂತ ಇವತ್ತಿಗೂ ತಿಳಿದಿಲ್ಲ.

ಮೂರನೆಯದು ಕಟಿಂಗ್ ಶಾಪಿನಲ್ಲಿ ಆದದ್ದು. ‘ಓಗ’ ಅಂದರೆ ಮೀಯು, ‘ಓಗೇಶ’ ಅಂದರೆ ಮೀಯಿಸು ಎಂದು ಕಲಿತಿದ್ದೆ. ‘ನ್ಯೋಅ’ ಅಂದರೆ ಬೋಳಿಸು. ಹಾಗಾಗಿ ‘ಕಟಿಂಗ್ ಮಾಡಿಸಬೇಕು’ ಅನ್ನುವುದಕ್ಕೆ ‘ನತಾಕ ಕುನ್ಯೋಶ ನ್ಯ್ವೆಲೆ’ ಅಂದೆ. ಅವರು ನನ್ನ ತಲೆ ನೋಡಿದರು, ಮತ್ತೆ ನನ್ನ ಮುಖ ನೋಡಿದರು. ‘ಇದು ಆಗಲೇ ನೆಟ್ಟಗಿದೆಯಲ್ಲ’ ಎನ್ನುವ ಹಾಗೆ ಕೈಯಲ್ಲಿ ತೋರಿಸಿದರು. ಯಾರಾದರೂ ಬಿಡಿಸಿ ಹೇಳಿ.

ಮೊಂಬಾಸಾ_ಅಕ್ಕ

ತಮ್ಮಾ, ಮೂರು ಪ್ರಶ್ನೆಯೂ ಒಳ್ಳೆಯದು. ಇಲ್ಲಿಗೆ ಬಂದ ಹೊಸದರಲ್ಲಿ ಇದೇ ಜಾಗಗಳಲ್ಲಿ ನಾನೂ ಎಡವಿದ್ದೇನೆ. ಹದಿನೆಂಟು ವರ್ಷದ ಹಿಂದಿನ ಮಾತು. ಓದಲು ಸುಲಭವಾಗಲಿ ಅಂತ ಪದದ ತುಂಡುಗಳ ನಡುವೆ ಗೆರೆ ಹಾಕುತ್ತೇನೆ. ಬರೆಯುವಾಗ ಆ ಗೆರೆ ಇರುವುದಿಲ್ಲ.

ಮೊದಲು ಕನ್ನಡ ನೋಡು. ‘ಮೀಯುತ್ತೇನೆ’ ಅನ್ನುವಾಗ ‘ನಾನು’ ಅಂತ ಹೇಳದಿದ್ದರೂ ನಡೆಯುತ್ತದೆ. ಕೊನೆಯ ‘ಏನೆ’ಯಲ್ಲೇ ‘ನಾನು’ ಕೂತಿದ್ದಾನೆ. ಸ್ವಾಹಿಲಿಯಲ್ಲಿ ಅದೇ ಗುರುತು ಮುಂದೆ ಬರುತ್ತದೆ. ನಮ್ಮಲ್ಲಿ ಬಾಲದಲ್ಲಿ, ಅವರಲ್ಲಿ ತಲೆಯಲ್ಲಿ. ‘ನಿ-ನ-ಓಗ’ದಲ್ಲಿ ‘ನಿ’ ಅಂದರೆ ನಾನು, ‘ನ’ ಅಂದರೆ ಈಗಿನ ಕಾಲ, ‘ಓಗ’ ಅಂದರೆ ಮೀ. ‘ಉ-ನ-ಓಗ’ ಅಂದರೆ ನೀನು. ‘ಅ-ನ-ಓಗ’ ಅಂದರೆ ಅವನು ಅಥವಾ ಅವಳು.

‘ಹು’ ಬಂದರೆ ಈ ಎರಡು ತುಂಡೂ ಹೋಗುತ್ತವೆ. ಯಾರು ಅನ್ನುವ ಗುರುತೂ ಇಲ್ಲ, ಕಾಲವೂ ಇಲ್ಲ. ‘ಹು-ಓಗ’ ಅಂದರೆ ‘ಮೀಯುವುದು ರೂಢಿ’ ಅಂತ ಮಾತ್ರ. ಯಾರ ರೂಢಿ? ಅದನ್ನು ಹೊರಗಿನಿಂದ ತಂದು ಇಡಬೇಕು. ‘ಮಿಮಿ ಹು-ಓಗ ಕಿಲ ಸಿಕು’, ಅಂದರೆ ನಾನು ದಿನಾ ಸ್ನಾನ ಮಾಡುತ್ತೇನೆ. ‘ವೆವೆ ಹು-ಓಗ’ ಅಂದರೆ ನೀನು. ‘ಯೇಯೆ ಹು-ಓಗ’ ಅಂದರೆ ಅವಳು. ‘ವಾತೊತೊ ಹು-ಓಗ’ ಅಂದರೆ ಮಕ್ಕಳು. ಕ್ರಿಯಾಪದ ಒಂದಿಷ್ಟೂ ಬದಲಾಗುವುದಿಲ್ಲ. ಬಸ್ಸಿಗೂ ಮಳೆಗೂ ಅದೇ. ‘ಮ್ವೂಅ ಹು-ನ್ಯೇಶ’ ಅಂದರೆ ಮಳೆ ಬೀಳುತ್ತದೆ, ಬೀಳುವುದು ಇದ್ದದ್ದೇ.

ನಾವು ಕನ್ನಡದವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ‘ನಾನು’ ಬಿಟ್ಟು ಮಾತಾಡುವುದು ನಮಗೆ ಅಭ್ಯಾಸ. ಅದೇ ಅಭ್ಯಾಸದಲ್ಲಿ ‘ಮಿಮಿ’ ಬಿಟ್ಟು ಸುಮ್ನೆ ‘ಹು-ಓಗ ಕಿಲ ಸಿಕು’ ಅಂದರೆ, ಮೊದಲೇ ಯಾರ ಮಾತು ಅಂತ ಗೊತ್ತಿಲ್ಲದಿದ್ದರೆ ಎದುರಿನವರು ‘ಯಾರು?’ ಅಂತ ಕಾಯುತ್ತಾರೆ. ಒಮ್ಮೆ ‘ಮಿಮಿ’ ಅಂದ ಮೇಲೆ ಮುಂದಿನ ವಾಕ್ಯಗಳಲ್ಲಿ ಬಿಡಬಹುದು. ಮೊದಲ ಸಲ ಬೇಕೇ ಬೇಕು.

ಈಗ ನಿನ್ನ ‘ನಿ-ನ-ಓಗ’. ಅದು ತಪ್ಪಲ್ಲ. ‘ಕಿಲ ಸಿಕು’ ಸೇರಿಸಿದರೆ ಅದೂ ರೂಢಿಯನ್ನೇ ಹೇಳುತ್ತದೆ. ಆದರೆ ಬಚ್ಚಲುಮನೆ ಬಾಗಿಲು ಯಾರಾದರೂ ತಟ್ಟಿದರೆ ಒಳಗಿನಿಂದ ಹೇಳುವುದೂ ‘ನಿ-ನ-ಓಗ’ ಅಂತಲೇ. ‘ಸ್ನಾನ ಮಾಡ್ತಾ ಇದ್ದೀನಿ’ ಅಂತ ಅರ್ಥ. ಬಾಗಿಲ ಹಿಂದಿನಿಂದ ‘ಹು-ಓಗ’ ಅನ್ನಲಾಗದು. ಪಾಠದಲ್ಲಿ ರೂಢಿಯ ರೂಪವನ್ನೇ ಕೇಳಿದ್ದರಿಂದ ಮೇಡಂ ತಿದ್ದಿದ್ದಾರೆ.

ಎರಡನೆಯದು ಸ್ವಲ್ಪ ನೋವಿನದು. ‘ಹು-ಓಗಿ’ ಅಂದರೆ ‘ನೀನು ಸ್ನಾನ ಮಾಡುವುದಿಲ್ಲ’. ಸ್ವಾಹಿಲಿಯಲ್ಲಿ ‘ಇಲ್ಲ’ ಅನ್ನಲು ಮುಂದೆ ‘ಹ’ ಸೇರಿಸಿ, ಕೊನೆಯ ‘ಅ’ವನ್ನು ‘ಇ’ ಮಾಡುತ್ತಾರೆ. ‘ಹ’ದ ಜೊತೆ ನೀನು ಅನ್ನುವ ‘ಉ’ ಸೇರಿದರೆ ‘ಹು’ ಆಗುತ್ತದೆ. ರೂಢಿಯ ‘ಹು’ ಬೇರೆ, ಈ ‘ಹು’ ಬೇರೆ. ಕೇಳುವುದಕ್ಕೆ ಒಂದೇ. ಬೇರೆ ಮಾಡಿ ತೋರಿಸುವುದು ಕೊನೆಯ ಸ್ವರ ಒಂದೇ. ನೀನು ಆ ಹುಡುಗನಿಗೆ ‘ಬೆಳಗ್ಗೆ ಸ್ನಾನ ಮಾಡಲ್ವಾ ನೀನು?’ ಅಂದ ಹಾಗಾಯಿತು. ತಾಯಿಯ ಎದುರಿಗೆ! ಹೋಗಿ ಒಂದು ಮಾತು ಹೇಳಿ ಬಾ. ‘ಸಮಹಾನಿ’ ಅಂದರೆ ಕ್ಷಮಿಸಿ. ಭಾಷೆ ಕಲಿಯುವವನು ಅಂತ ಅವರಿಗೂ ಗೊತ್ತು, ಖಂಡಿತ ನಗುತ್ತಾರೆ.

ಮೂರನೆಯದು ಆಮೇಲೆ ಬರೆಯುತ್ತೇನೆ, ಒಲೆ ಮೇಲೆ ಸಾರು ಇದೆ.

ವ್ಯಾಕರಣ_ಮೇಷ್ಟ್ರು

ಅಕ್ಕನವರು ಚೆನ್ನಾಗಿ ಬಿಡಿಸಿದ್ದಾರೆ. ನಾನು ಧಾರವಾಡದಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು. ಮಗಳು ಅರುಷಾದಲ್ಲಿ ಇರುವುದರಿಂದ ಎರಡು ಸಲ ಹೋಗಿ ಮೂರು ಮೂರು ತಿಂಗಳು ಇದ್ದು ಬಂದೆ. ಅಲ್ಲಿ ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ.

ಒಂದು ವಿಷಯ ಗಮನಿಸಿ. ಕನ್ನಡದ ‘ಗಡ್ಡ ಬೋಳಿಸುತ್ತೇನೆ’ ರೂಢಿಗೂ ಆಗುತ್ತದೆ, ನಾಳೆಗೂ ಆಗುತ್ತದೆ. ‘ದಿನಾ ಬೋಳಿಸುತ್ತೇನೆ’, ‘ನಾಳೆ ಬೋಳಿಸುತ್ತೇನೆ’. ಸ್ವಾಹಿಲಿಯಲ್ಲಿ ನಾಳೆಯದಕ್ಕೆ ‘ತ’ ಬೇಕು, ‘ನಿ-ತ-ನ್ಯೋಅ’. ರೂಢಿಯದಕ್ಕೆ ‘ಹು’. ಇಲ್ಲಿ ಅವರು ಬೇರೆ ಮಾಡುತ್ತಾರೆ, ನಾವು ಕೂಡಿಸುತ್ತೇವೆ.

‘ಇಲ್ಲ’ ಅನ್ನುವಾಗ ತಿರುಗುಮುರುಗು. ಕನ್ನಡದಲ್ಲಿ ‘ಬೋಳಿಸುವುದಿಲ್ಲ’ ಬೇರೆ, ‘ಬೋಳಿಸುತ್ತಿಲ್ಲ’ ಬೇರೆ. ಮೊದಲನೆಯದು ರೂಢಿ, ಎರಡನೆಯದು ಈಗಿನ ಮಾತು. ಸ್ವಾಹಿಲಿಯಲ್ಲಿ ಎರಡಕ್ಕೂ ‘ಸಿ-ನ್ಯೋಇ’ ಒಂದೇ. (‘ನಾನು’ ಆದಾಗ ‘ಇಲ್ಲ’ದ ಗುರುತು ‘ಹ’ ಅಲ್ಲ, ‘ಸಿ’.) ‘ಹು’ಗೆ ತನ್ನದೇ ಆದ ‘ಇಲ್ಲ’ ರೂಪವೇ ಇಲ್ಲ. ಎರಡು ಭಾಷೆಯೂ ಒಂದೇ ಬಟ್ಟೆ ಕತ್ತರಿಸುತ್ತವೆ, ಕತ್ತರಿ ಇಡುವ ಜಾಗ ಬೇರೆ.

ಹಿಂದಿನ ಕಾಲದ ರೂಢಿ ಮಾತ್ರ ನನಗೆ ಅಚ್ಚರಿ ತಂದಿತು. ‘ಹೊಳೆಯಲ್ಲಿ ಮೀಯುತ್ತಿದ್ದೆವು’ ಅನ್ನುವುದನ್ನು ಬಿಡಿಸಿದರೆ ‘ಮೀಯುತ್ತ’ ಮತ್ತು ‘ಇದ್ದೆವು’. ಸ್ವಾಹಿಲಿಯಲ್ಲಿ ‘ತು-ಲಿ-ಕುವ ತು-ಕಿ-ಓಗ ಮ್ತೋನಿ’. ‘ತುಲಿಕುವ’ ಅಂದರೆ ಇದ್ದೆವು. ‘ತುಕಿಓಗ’ ಅಂದರೆ ನಾವು ಮೀಯುತ್ತ. ‘ಮ್ತೋನಿ’ ಅಂದರೆ ಹೊಳೆಯಲ್ಲಿ. ನಮ್ಮದೇ ಎರಡು ತುಂಡು, ಹಿಂದುಮುಂದಾಗಿ ನಿಂತಿವೆ. ಸಂಬಂಧವೇ ಇಲ್ಲದ ಎರಡು ಭಾಷೆ. ಇದನ್ನು ಕಂಡ ದಿನ ರಾತ್ರಿ ಮಗಳಿಗೆ ಫೋನ್ ಮಾಡಿ ಹೇಳಿದೆ.

ನೈರೋಬಿ_ನಿವಾಸಿ

ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಾನು ನೈರೋಬಿಯಲ್ಲಿ ಒಂಬತ್ತು ವರ್ಷ ಇದ್ದೇನೆ. ‘ಮಿಮಿ ಹು-ಓಗ’ ಅಂತ ಬೀದಿಯಲ್ಲಿ ಮಾತಾಡುವವರು ನನಗೆ ಸಿಕ್ಕಿದ್ದು ಕಡಿಮೆ. ಇಲ್ಲಿ ಜನ ಬಾಲಕ್ಕೆ ‘ಅಂಗ’ ಸೇರಿಸುತ್ತಾರೆ. ‘ನ-ಎಂದಂಗ’, ಅಂದರೆ ಹೋಗುತ್ತಾ ಇರುತ್ತೇನೆ. ಆಡುಮಾತಿನಲ್ಲಿ ‘ನಿ-ನ’ ಕುಗ್ಗಿ ಬರೀ ‘ನ’ ಆಗುತ್ತದೆ. ‘ನ-ಓಗಂಗ’, ಅಂದರೆ ಸ್ನಾನ ಮಾಡುತ್ತಾ ಇರುತ್ತೇನೆ. ಪಶ್ಚಿಮ ಕೀನ್ಯಾದ ಲುಹ್ಯಾ ಭಾಷೆಗಳಲ್ಲಿ ಈ ಬಾಲ ಇದೆ. ಅಲ್ಲಿಯವರ ಮಾತಿನಿಂದ ನಗರಕ್ಕೆ ಬಂದಿದೆ ಅನ್ನುತ್ತಾರೆ. ಬೀದಿ ಮಾತು ಬೇಕಾದವರು ಇದನ್ನು ಕಲಿತರೆ ಸಾಕಲ್ವಾ? ‘ಹು’ ಪುಸ್ತಕದ್ದು.

ಮೊಂಬಾಸಾ_ಅಕ್ಕ

ಸಾರು ಇಳಿಸಿ ಬಂದೆ.

ನೈರೋಬಿಯವರೇ, ನೀವು ಕೇಳಿದ್ದು ನಿಜ. ಆದರೆ ‘ಹು’ ಪುಸ್ತಕದ್ದು ಅನ್ನುವುದನ್ನು ಒಪ್ಪುವುದಿಲ್ಲ. ನಮ್ಮ ಕರಾವಳಿಯಲ್ಲಿ ಅಜ್ಜಿಯಂದಿರು ಬಾಯಿ ತೆರೆದರೆ ‘ಹು’ ಬರುತ್ತದೆ. ಸ್ವಾಹಿಲಿ ಹುಟ್ಟಿ ಬೆಳೆದದ್ದು ಈ ಕರಾವಳಿಯಲ್ಲಿ, ಲಾಮು, ಮೊಂಬಾಸಾ, ಜಂಜಿಬಾರ್ ಕಡೆ. ಶಾಲೆಯ ಸ್ವಾಹಿಲಿಗೆ ಜಂಜಿಬಾರಿನ ಮಾತನ್ನು ಆಧಾರವಾಗಿ ಇಟ್ಟುಕೊಳ್ಳೋಣ ಅಂತ 1928ರಲ್ಲಿ ಇದೇ ಮೊಂಬಾಸಾದ ಸಭೆಯಲ್ಲಿ ತೀರ್ಮಾನವಾಯಿತು. ಒಳನಾಡಿನವರು ತಮ್ಮ ತಮ್ಮ ಮನೆ ಭಾಷೆಯ ಬಾಲ ಸೇರಿಸಿಕೊಂಡರು. ತಾನ್ಜಾನಿಯಾದ ಒಳನಾಡಿನಲ್ಲೂ ಇದೇ ಆಗಿದೆ. ಅಲ್ಲಿ ‘ಅಗ’ ಅನ್ನುತ್ತಾರೆ, ‘ನ-ಎಂದಗ’. ಸುಕುಮಾ, ನ್ಯಾಮ್ವೇಜಿ ಭಾಷೆಗಳಲ್ಲಿ ಈ ಬಾಲ ಇದೆ. ಹೊಸಬ ತಮ್ಮ ದಾರ್‌ನಲ್ಲಿ ಇದನ್ನು ದಿನಾ ಕೇಳುತ್ತಿರಬೇಕು. ಆದರೆ ಪರೀಕ್ಷೆಯಲ್ಲಿ ಬರೆದರೆ ಮೇಡಂ ಮತ್ತೆ ಹೊಡೆದು ಹಾಕುತ್ತಾರೆ.

ನಡುವಿನ ದಾರಿ ಒಂದಿದೆ, ಅದನ್ನು ಎಲ್ಲರೂ ಬಳಸುತ್ತಾರೆ. ಅದೇ ‘ಹುವ’. ‘ಇರು’ ಅನ್ನುವ ಕ್ರಿಯೆಗೆ ‘ಹು’ ಸೇರಿದ ರೂಪ ಅದು. ‘ಹುವ ನ-ಓಗ ಅಸುಬುಹಿ’ ಅಂದರೆ ‘ಸಾಮಾನ್ಯವಾಗಿ ಬೆಳಗ್ಗೆ ಸ್ನಾನ ಮಾಡುತ್ತೇನೆ’. ಇಲ್ಲಿ ‘ನ-ಓಗ’ದಲ್ಲೇ ನಾನು ಇದ್ದೇನೆ, ‘ಮಿಮಿ’ ಬೇಕಾಗಿಲ್ಲ. ‘ನಾನು’ ಬಿಡುವ ಅಭ್ಯಾಸ ಇರುವ ನಮಗೆ ಇದು ತುಂಬ ಒಳ್ಳೆಯದು. ಮೇಷ್ಟ್ರು ಹೇಳಿದ ‘ಇಲ್ಲ’ದ ಕೊರತೆಯೂ ಇದರಿಂದ ನೀಗುತ್ತದೆ. ‘ಹುವ ಸಿ-ನ್ಯೋಇ’ ಅಂದರೆ ‘ಸಾಮಾನ್ಯವಾಗಿ ಬೋಳಿಸುವುದಿಲ್ಲ’. ಈಗ ಬೋಳಿಸುತ್ತಿಲ್ಲ ಅನ್ನುವ ಅರ್ಥ ಅಲ್ಲಿ ಬರುವುದೇ ಇಲ್ಲ.

ತಮ್ಮಾ, ಇನ್ನು ಕಟಿಂಗ್ ಶಾಪ್. ನೀನು ‘ಕುನ್ಯೋಶ’ ಅಂದಿದ್ದು ಅವರ ಕಿವಿಗೆ ‘ಕುನ್ಯೋಓಶ’ ಅಂತ ಬಿದ್ದಿದೆ. ಹಾಗಂದರೆ ‘ನೆಟ್ಟಗೆ ಮಾಡು’. ಕೂದಲು ನೆಟ್ಟಗೆ ಮಾಡಿಸಲು ಬಂದಿದ್ದಾನೆ ಅಂತ ತಿಳಿದರು. ನಿನ್ನ ಕೂದಲು ಮೊದಲೇ ನೆಟ್ಟಗಿದೆ. ಅದಕ್ಕೇ ಹಾಗೆ ನೋಡಿದರು.

ತಪ್ಪು ಹುಟ್ಟಿದ್ದು ನಮ್ಮ ‘ಇಸು’ನಿಂದ. ‘ಕಟಿಂಗ್ ಮಾಡಿಸಿಕೊಳ್ಳುತ್ತೇನೆ’ ಅಂತ ನಾವು ಹೇಳುತ್ತೇವೆ. ಕೆಲಸ ಮಾಡುವವನು ಅವನು, ಮಾಡಿಸುವವನು ನಾನು. ಸ್ವಾಹಿಲಿ ಹಾಗೆ ನೋಡುವುದಿಲ್ಲ. ಅಲ್ಲಿ ನಾನು ‘ಬೋಳಿಸಲ್ಪಡುತ್ತೇನೆ’. ‘ನ-ತಾಕ ಕು-ನ್ಯೊಲೆವ’ ಅನ್ನು. ‘ನ-ತಾಕ’ ಅಂದರೆ ನನಗೆ ಬೇಕು, ‘ಕು’ ಅಂದರೆ ನಮ್ಮ ‘ಮೀಯುವುದು’ ಅನ್ನುವಾಗಿನ ‘ವುದು’ ಇದ್ದ ಹಾಗೆ. ಕನ್ನಡದಲ್ಲಿ ‘ಪಡು’ ಹಾಕಿದರೆ ಸರ್ಕಾರಿ ಕಾಗದದ ಹಾಗೆ ಕೇಳುತ್ತದೆ. ಅವರಿಗೆ ಅದು ಮನೆ ಮಾತು. ‘ಮಿಮಿ ಹು-ನ್ಯೊಲೆವ ಕಿಲ ಮ್ವೇಝಿ’, ಅಂದರೆ ತಿಂಗಳಿಗೊಮ್ಮೆ ಕಟಿಂಗ್ ಮಾಡಿಸುತ್ತೇನೆ. ಆಡುಮಾತಿನಲ್ಲಿ ‘ಬೋಳಿಸಲು ಹೋಗುತ್ತೇನೆ’ ಎಂದು ಸುಮ್ನೆ ‘ನ-ಎಂದ ಕು-ನ್ಯೋಅ’ ಅನ್ನುವವರೂ ಇದ್ದಾರೆ. ಅದೂ ಅರ್ಥವಾಗುತ್ತದೆ. ‘ಕುನ್ಯೋಶ’ ಮಾತ್ರ ಬೇಡ.

ಮೈಸೂರು_ಹುಡುಗಿ

ನಮಸ್ತೆ. ನಮ್ಮ ಕಾಲೇಜಿನಲ್ಲಿ ತಾನ್ಜಾನಿಯಾದ ಗೆಳತಿಯರು ಇದ್ದಾರೆ, ಅವರಿಂದ ಸ್ವಲ್ಪ ಸ್ವಲ್ಪ ಕಲಿಯುತ್ತಿದ್ದೇನೆ. ಹಾಸ್ಟೆಲ್ ಬಚ್ಚಲಿನ ಮುಂದೆ ಸಾಲು ನಿಂತಾಗಲೇ ಪಾಠ.

ನನ್ನ ಪ್ರಶ್ನೆ ‘ಕೊಳ್ಳು’ ಬಗ್ಗೆ. ‘ತಲೆ ಬಾಚಿಕೊಳ್ಳುತ್ತೇನೆ’, ‘ಮುಖ ತೊಳೆದುಕೊಳ್ಳುತ್ತೇನೆ’, ‘ಎಣ್ಣೆ ಹಚ್ಚಿಕೊಳ್ಳುತ್ತೇನೆ’. ಸ್ವಾಹಿಲಿಯಲ್ಲಿ ‘ಜಿ’ ಅಂದರೆ ‘ತನಗೆ ತಾನೇ’ ಅಂತ ಓದಿದೆ. ಹಾಗಾಗಿ ಎಲ್ಲದಕ್ಕೂ ‘ಜಿ’ ಸೇರಿಸುತ್ತಿದ್ದೆ. ‘ನಿ-ನ-ಜಿ-ಓಗ’ ಅಂದಾಗ ಗೆಳತಿ ತಲೆ ಅಲ್ಲಾಡಿಸಿದಳು. ಎಲ್ಲಿ ‘ಜಿ’ ಬೇಕು, ಎಲ್ಲಿ ಬೇಡ?

ಇನ್ನೊಂದು, ತೊಳೆಯುವುದಕ್ಕೆ ಅವಳು ನಾಲ್ಕು ಬೇರೆ ಪದ ಹೇಳುತ್ತಾಳೆ. ತಲೆ ತಿರುಗುತ್ತದೆ.

ಮೊಂಬಾಸಾ_ಅಕ್ಕ

ಪುಟ್ಟಿ, ತಲೆ ತಿರುಗಬೇಕಾಗಿಲ್ಲ. ನಿನ್ನ ಅಜ್ಜಿಯ ಕನ್ನಡ ನೆನಪಿಸಿಕೋ. ಮೈ ‘ಮೀಯುತ್ತಾರೆ’. ಕೈ ‘ತೊಳೆಯುತ್ತಾರೆ’. ಬಟ್ಟೆ ‘ಒಗೆಯುತ್ತಾರೆ’. ಪಾತ್ರೆ ‘ಬೆಳಗುತ್ತಾರೆ’. ಬಟ್ಟೆ ಬೆಳಗಿದೆ ಅಂದರೆ ಅಜ್ಜಿ ನಗುತ್ತಾರೆ, ಅಲ್ವಾ? ಸ್ವಾಹಿಲಿಯೂ ಹಾಗೆಯೇ. ಮೈಗೆ ‘ಕು-ಓಗ’. ಕೈ, ಮುಖಕ್ಕೆ ‘ಕು-ನಾವ’. ಬಟ್ಟೆಗೆ ‘ಕು-ಫುಅ’. ಪಾತ್ರೆ, ಗಾಡಿ, ತಲೆಗೂದಲು ಇಂಥದ್ದಕ್ಕೆ ‘ಕು-ಓಶ’. ಇದನ್ನು ಹೊಸ ವಿಷಯ ಅಂತ ಕಲಿಯಬೇಡ, ಹಳೆಯದರ ಪಕ್ಕ ಇಟ್ಟು ನೋಡು. ‘ಕು-ಸೂಕ’ ಅನ್ನುವುದನ್ನು ನೋಡು. ಚಾಪೆ ಹೆಣೆಯುವುದಕ್ಕೂ ಅದೇ, ಜಡೆ ಹೆಣೆಯುವುದಕ್ಕೂ ಅದೇ. ನಮ್ಮ ‘ಹೆಣೆ’ ಎರಡಕ್ಕೂ ನಡೆಯುವ ಹಾಗೆ. ಜಡೆ ಹೆಣೆಯುವವಳಿಗೆ ‘ಮ್ಸೂಸಿ’ ಅನ್ನುತ್ತಾರೆ. ಇಲ್ಲಿ ಅದು ದೊಡ್ಡ ಕಸುಬು. ಒಂದು ತಲೆಗೆ ಅರ್ಧ ದಿನ ಕೂರುತ್ತಾರೆ. ನನ್ನ ಮಗಳು ಚಿಕ್ಕವಳಿದ್ದಾಗ ಪಕ್ಕದ ಮನೆಯ ಬೀಬಿ ಅವಳ ತಲೆ ಹಿಡಿದು ಕೂತರೆ ಸಾಯಂಕಾಲದ ತನಕ ಕಥೆ ನಡೆಯುತ್ತಿತ್ತು. ನನ್ನ ಸ್ವಾಹಿಲಿ ಬೆಳೆದದ್ದು ಆ ಜಗಲಿಯಲ್ಲೇ.

ಈಗ ‘ಜಿ’. ‘ಓಗ’, ‘ನಾವ’ ಇವುಗಳಲ್ಲಿ ‘ತನಗೆ ತಾನೇ’ ಅನ್ನುವುದು ಮೊದಲೇ ಅಡಗಿದೆ. ‘ಮೀ’ ಅನ್ನುವುದಕ್ಕೆ ನಾವು ‘ಮಿಂದುಕೊಳ್ಳು’ ಅನ್ನುವುದಿಲ್ಲ, ಹಾಗೆ. ಬೇರೆಯವರಿಗೆ ಮಾಡಿದರೆ ಬಾಲ ಬದಲಾಗುತ್ತದೆ. ಮೀಯು, ಮೀಸು. ಓಗ, ಓಗೇಶ. ಉಡು, ಉಡಿಸು. ವಾ, ವೀಶ. ಹಲ್ಲುಜ್ಜುವುದಕ್ಕೆ ‘ಕು-ಪಿಗ ಮ್‌ಸ್ವಾಕಿ’. ಪದಶಃ ‘ಬ್ರಷ್ ಹೊಡೆ’. ಅಲ್ಲೂ ‘ಜಿ’ ಬೇಡ. ತಲೆ ಬಾಚಲು ‘ಕು-ಚಾನ ನ್ಯ್ವೆಲೆ’ ಸಾಕು. ‘ಜಿ’ ಬೇಕಾಗುವುದು ಹಚ್ಚುವ ಜಾಗದಲ್ಲಿ. ‘ಕು-ಪಾಕ’ ಅಂದರೆ ಹಚ್ಚು, ಬಳಿ. ಗೋಡೆಗೂ ಬಣ್ಣ ಹಚ್ಚಬಹುದು. ತನ್ನ ಮೈಗೆ ಅನ್ನಲು ‘ಕು-ಜಿ-ಪಾಕ ಮಫುತ’, ಅಂದರೆ ಎಣ್ಣೆ ಹಚ್ಚಿಕೊಳ್ಳು. ಸಿಂಗಾರ ಮಾಡಿಕೊಳ್ಳಲು ‘ಕು-ಜಿ-ಪಂಬ’.

‘ನನ್ನ ಕೈ’, ‘ನನ್ನ ತಲೆ’ ಅಂತಲೂ ಹೇಳಬೇಕಾಗಿಲ್ಲ. ‘ಹು-ನಾವ ಮಿಕೋನೊ’ ಅಂದರೆ ಕೈ ತೊಳೆದುಕೊಳ್ಳುವುದು. ಯಾರ ಕೈ? ತನ್ನದೇ. ಕನ್ನಡದಲ್ಲೂ ‘ನನ್ನ ಕೈ ತೊಳೆದುಕೊಂಡೆ’ ಅನ್ನುವುದಿಲ್ಲವಲ್ಲ. ಬೇರೆಯವರ ತಲೆ ಆದರೆ ಆ ವ್ಯಕ್ತಿಯ ಗುರುತು ಕ್ರಿಯಾಪದದ ಒಳಗೆ ಹೋಗುತ್ತದೆ. ‘ಮಾಮ ಹು-ಮ್-ಚಾನ ಮ್ತೋತೊ ನ್ಯ್ವೆಲೆ’. ನಡುವಿನ ‘ಮ್’ ಅಂದರೆ ಮಗುವಿಗೆ. ‘ಅಮ್ಮ ಮಗುವಿಗೆ ತಲೆ ಬಾಚುತ್ತಾಳೆ’. ನಾವು ‘ಮಗುವಿಗೆ’ ಅಂತೀವಿ, ‘ಮಗುವಿನ’ ಅಲ್ಲ. ಅವರೂ ಹಾಗೇ. ‘ಹು’ ಇದ್ದರೂ ಈ ಜಾಗ ಹಾಗೇ ಉಳಿಯುತ್ತದೆ ಅನ್ನುವುದನ್ನು ಗಮನಿಸು. ಮಾಡುವವರ ಗುರುತು ಮಾತ್ರ ಹೋಗುತ್ತದೆ.

ಉಡುಪಿನ ಬಗ್ಗೆ ಒಂದು ಮಾತು. ‘ಅ-ನ-ವಾ’ ಅಂದರೆ ಈಗ ಹಾಕಿಕೊಳ್ಳುತ್ತಿದ್ದಾಳೆ. ‘ಅ-ಮೆ-ವಾ’ ಅಂದರೆ ಹಾಕಿಕೊಂಡಿದ್ದಾಳೆ, ಮೈಮೇಲಿದೆ. ‘ಹು-ವಾ’ ಅಂದರೆ ಹಾಕಿಕೊಳ್ಳುವ ರೂಢಿ. ಕನ್ನಡದ ಹುಡುಗಿಗೆ ಇದು ಒಂದೇ ಸಲಕ್ಕೆ ಬರುತ್ತದೆ. ಆದರೆ ನಾವು ಸೀರೆ ಉಡುತ್ತೇವೆ, ಬಳೆ ತೊಡುತ್ತೇವೆ, ಹೂ ಮುಡಿಯುತ್ತೇವೆ. ಅವರಿಗೆ ಬಟ್ಟೆ, ಚಪ್ಪಲಿ, ಉಂಗುರ, ಕನ್ನಡಕ ಎಲ್ಲಕ್ಕೂ ‘ವಾ’ ಸಾಕು. ಇಲ್ಲಿ ಕರಾವಳಿಯ ಹೆಂಗಸರು ಮಲ್ಲಿಗೆ ಮುಡಿಯುತ್ತಾರೆ. ‘ಅಸ್ಮಿನಿ’ ಅನ್ನುತ್ತಾರೆ. ಮೊದಲ ಸಲ ಆ ವಾಸನೆ ಬಂದಾಗ ನನಗೆ ಉಡುಪಿಯ ಪೇಟೆ ನೆನಪಾಗಿ ಕಣ್ಣು ತುಂಬಿತ್ತು.

ಮೈಸೂರು_ಹುಡುಗಿ

ಅಕ್ಕಾ, ತುಂಬಾ ಥ್ಯಾಂಕ್ಸ್. ಸಾಬೂನಿಗೆ ‘ಸಬೂನಿ’ ಅಂತ ಗೆಳತಿ ಅಂದಾಗ ನಾನು ಕನ್ನಡ ಕೇಳಿಸಿತು ಅಂದುಕೊಂಡಿದ್ದೆ. ಎರಡೂ ಅರಬ್ಬಿಯಿಂದ ಬಂದದ್ದಂತೆ. ಬಟ್ಟೆ ಒಗೆಯುವವರಿಗೆ ‘ದೋಬಿ’. ಅದು ನಮ್ಮ ಕಡೆಯಿಂದ ಅಲ್ಲಿಗೆ ಹೋದದ್ದು. ಬೇವಿನ ಮರಕ್ಕೆ ‘ಮ್ವಾರೊಬಾಇನಿ’ ಅನ್ನುತ್ತಾರೆ. ‘ಅರೊಬಾಇನಿ’ ಅಂದರೆ 40. ನಲವತ್ತು ರೋಗ ವಾಸಿ ಮಾಡುತ್ತದೆ ಅನ್ನುವ ನಂಬಿಕೆ. ಈ ಮರವೂ ನಮ್ಮ ಕಡೆಯಿಂದಲೇ ಅಲ್ಲಿಗೆ ಹೋಗಿದ್ದಂತೆ. ಅವಳಿಗೆ ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜುವುದು ಹೇಳಿಕೊಟ್ಟೆ. ‘ಮ್‌ಸ್ವಾಕಿ’ ಅನ್ನುವ ಪದ ಮೊದಲು ಇಂಥ ಕಡ್ಡಿಗೇ ಇದ್ದದ್ದು, ಆಮೇಲೆ ಬ್ರಷ್‌ಗೂ ಬಂತು ಅಂದಳು.

ವ್ಯಾಕರಣ_ಮೇಷ್ಟ್ರು

ಧಾರವಾಡದಲ್ಲಿ ಅಂಗಡಿಗೆ ‘ದುಕಾನ’ ಅನ್ನುತ್ತೇವೆ. ಅರುಷಾದಲ್ಲಿ ‘ದೂಕ’. ಮಗಳ ಮನೆಯ ಹತ್ತಿರ ಅದೊಂದು ಪದ ನನಗೆ ಕಲಿಯದೆ ಬಂತು.

‘ಹು’ ನಿಜವಾಗಿ ಹೊಳೆಯುವುದು ಗಾದೆಗಳಲ್ಲಿ. ಯಾರು, ಯಾವಾಗ ಅನ್ನದೆ ಹೇಳುವ ಮಾತಿಗೆ ಅದಕ್ಕಿಂತ ಒಪ್ಪುವ ರೂಪ ಇಲ್ಲ. ‘ಹಬ ನ ಹಬ ಹು-ಜಾಝ ಕಿಬಾಬ’. ಚೂರು ಚೂರೇ ಸೇರಿ ಕಿಬಾಬ ತುಂಬುತ್ತದೆ. ಕಿಬಾಬ ಅಂದರೆ ಕಾಳು ಅಳೆಯುವ ಅಳತೆ. ನಮ್ಮಲ್ಲಿ ‘ಹನಿಗೂಡಿ ಹಳ್ಳ, ತೆನೆಗೂಡಿ ಬಳ್ಳ’. ಬಳ್ಳವೂ ಕಾಳಿನ ಅಳತೆಯೇ! ನಮ್ಮ ಗಾದೆಗೆ ಕ್ರಿಯಾಪದವೇ ಬೇಡ, ಅವರು ‘ಹು’ ಇಟ್ಟು ಮುಗಿಸಿದ್ದಾರೆ.

ಈ ಚರ್ಚೆಗೆ ಸರಿಹೊಂದುವುದು ಇನ್ನೊಂದು. ‘ಕಿನ್ಯೋಝಿ ಹ-ಜಿ-ನ್ಯೋಇ, ಅ-ಕಿ-ಜಿ-ನ್ಯೋಅ ಹು-ಜಿ-ಕಾತ’. ಕ್ಷೌರಿಕ ತನಗೆ ತಾನೇ ಬೋಳಿಸಿಕೊಳ್ಳುವುದಿಲ್ಲ, ಬೋಳಿಸಿಕೊಂಡರೆ ಕೊಯ್ದುಕೊಳ್ಳುತ್ತಾನೆ. ಇಷ್ಟು ಹೊತ್ತು ಮಾತಾಡಿದ್ದೆಲ್ಲ ಈ ಒಂದೇ ಸಾಲಿನಲ್ಲಿ ಇದೆ. ‘ಇಲ್ಲ’ದ ರೂಢಿ, ‘ಜಿ’, ಬೋಳಿಸಿಕೊಂಡ‘ರೆ’ ಅನ್ನುವ ‘ಕಿ’, ಕೊನೆಗೆ ‘ಹು’. ನಾನು ಪಾಠ ಮಾಡುತ್ತಿದ್ದರೆ ಮೊದಲ ದಿನವೇ ಇದನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ.

ನೈರೋಬಿ_ನಿವಾಸಿ

ಮೇಷ್ಟ್ರೇ, ಈ ಗಾದೆಯ ಮೊದಲ ಅರ್ಧವನ್ನು ನಮ್ಮ ಆಫೀಸಿನಲ್ಲೂ ಹೇಳುತ್ತಾರೆ. ‘ಹು’ ಬೀದಿಯಲ್ಲಿ ಇಲ್ಲ ಅಂದಿದ್ದು ನಾನು ಅವಸರದಲ್ಲಿ ಬರೆದದ್ದು. ಗಾದೆಯಲ್ಲಿ, ಸುದ್ದಿಯಲ್ಲಿ ದಿನಾ ಕೇಳುತ್ತೇನೆ. ಒಪ್ಪಿದೆ ಅಕ್ಕಾ.

ನನ್ನದೂ ಒಂದು. ‘ಉ-ಕಿ-ಓನ ಮ್ವೆನ್ಝಾಕೊ ಅ-ನ-ನ್ಯೊಲೆವ, ಝಾಕೊ ತೀಅ ಮಾಜಿ’. ಜೊತೆಗಾರನಿಗೆ ಬೋಳಿಸುತ್ತಿರುವುದು ಕಂಡರೆ ನಿನ್ನದಕ್ಕೆ ನೀರು ಹಾಕಿಕೋ. ಅವನಿಗೆ ಬಂದದ್ದು ನಿನಗೂ ಬರುತ್ತದೆ, ಸಿದ್ಧನಾಗಿರು ಅಂತ. ‘ಝಾಕೊ’ ಅಂದರೆ ನಿನ್ನವು. ಕೂದಲು ಅಂತ ಹೇಳಿಯೇ ಇಲ್ಲ. ‘ಝ’ ನೋಡಿಯೇ ಅದು ಕೂದಲಿನ ಮಾತು ಅಂತ ಅವರಿಗೆ ತಿಳಿಯುತ್ತದೆ.

ಹೊಸಬರಿಗೆ ಒಂದು ಎಚ್ಚರಿಕೆ. ಅರಬ್ಬಿಯಿಂದ ಬಂದ ಹೆಚ್ಚಿನ ಕ್ರಿಯಾಪದಗಳು ‘ಅ’ದಲ್ಲಿ ಮುಗಿಯುವುದಿಲ್ಲ. ಹಾಗಾಗಿ ಅಲ್ಲಿ ಕೊನೆಯ ಸ್ವರ ಬದಲಾಗುವುದಿಲ್ಲ. ‘ವೆವೆ ಹು-ಸಫಿರಿ’ ಅಂದರೆ ‘ನೀನು ಪ್ರಯಾಣ ಮಾಡುತ್ತಾ ಇರುತ್ತೀಯ’ ಅಂತಲೂ ಆಗಬಹುದು, ‘ನೀನು ಪ್ರಯಾಣ ಮಾಡುವುದಿಲ್ಲ’ ಅಂತಲೂ ಆಗಬಹುದು. ‘ಹು-ಜಿಬು’, ಉತ್ತರ ಕೊಡುವುದು, ಇದೂ ಹಾಗೇ. ಸಂದರ್ಭ ನೋಡಿ ತಿಳಿಯಬೇಕು. ಸಂಶಯ ಇದ್ದರೆ ‘ಹುವ ಉ-ನ-ಸಫಿರಿ’ ಅನ್ನಿ, ಗೊಂದಲವೇ ಇಲ್ಲ.

ವ್ಯಾಕರಣ_ಮೇಷ್ಟ್ರು

ಒಳ್ಳೆಯ ಮಾತು. ಅದರ ಜೊತೆಗೆ ಒಂದು ಸೇರಿಸುತ್ತೇನೆ. ‘ಲ’ ಅಂದರೆ ತಿನ್ನು, ಒಂದೇ ಅಕ್ಷರದ ಧಾತು. ‘ಅ-ನ-ಕು-ಲ’ ಅನ್ನುವಾಗ ನಡುವೆ ‘ಕು’ ಉಳಿಯುತ್ತದೆ, ‘ಹು-ಲ’ ಅನ್ನುವಾಗ ಬಿದ್ದು ಹೋಗುತ್ತದೆ. ಯಾಕೆ ಅಂತ ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಸ್ವಾಹಿಲಿಯಲ್ಲಿ ಒತ್ತು ಬೀಳುವುದು ಕೊನೆಯಿಂದ ಎರಡನೇ ಅಕ್ಷರಕ್ಕೆ. ‘ನ’ಕ್ಕೆ ಆ ಒತ್ತು ಹೊರಲು ಆಗದು, ಆದ್ದರಿಂದ ‘ಕು’ ಬಂದು ಹೊರುತ್ತದೆ. ‘ಹು’ ತಾನೇ ಹೊರುತ್ತದೆ. ಅಷ್ಟೇ. ಬಾಯಿಪಾಠ ಮಾಡುವ ಬದಲು ಹೀಗೆ ಕಿವಿಯಿಂದ ಹಿಡಿದರೆ ಮರೆಯುವುದಿಲ್ಲ.

ಹೊಸಬ_ದಾರ್

ಎಲ್ಲರಿಗೂ ಕೈ ಮುಗಿಯುತ್ತೇನೆ. ಮೂರು ಸಲ ಓದಿದೆ. ಪಕ್ಕದ ಮನೆಗೆ ಹೋಗಿ ‘ಸಮಹಾನಿ’ ಅಂದೆ. ಆ ತಾಯಿ ಜೋರಾಗಿ ನಕ್ಕು ಚಹಾ ಕೊಟ್ಟರು. ಹುಡುಗ ಈಗ ನನ್ನನ್ನು ಕಂಡರೆ ‘ಮಿಮಿ ಹು-ಓಗ!’ ಅಂತ ಕೂಗುತ್ತಾನೆ.

ಮನೆಪಾಠ ಮತ್ತೆ ಬರೆದಿದ್ದೇನೆ. ಅಕ್ಕಾ, ನೋಡಿ ತಿದ್ದಿ.

‘ಮಿಮಿ ಹು-ಅಮ್ಕ ಸಾ ಕುಮಿ ನ ಂಬಿಲಿ ಅಸುಬುಹಿ. ಹು-ಪಿಗ ಮ್‌ಸ್ವಾಕಿ, ಹು-ನಾವ ಊಸೊ, ಕೀಶ ಹು-ಓಗ. ಬಾದ ಯ ಕು-ಓಗ ಹು-ಜಿ-ಪಾಕ ಮಫುತ, ಹು-ಚಾನ ನ್ಯ್ವೆಲೆ ಝಾಂಗು, ಹು-ವಾ ಙೂಓ. ಹು-ನ್ಯೋಅ ನ್ದೆವು ಕಿಲ ಜುಮತಾತು. ಜುಮಾನ್ನೆ ಹು-ನ್ಯೋಇ.’

ಆರು ಗಂಟೆಗೆ ಏಳುತ್ತೇನೆ, ಹಲ್ಲುಜ್ಜಿ, ಮುಖ ತೊಳೆದು, ಸ್ನಾನ ಮಾಡುತ್ತೇನೆ, ಎಣ್ಣೆ ಹಚ್ಚಿಕೊಂಡು, ತಲೆ ಬಾಚಿ, ಬಟ್ಟೆ ಹಾಕಿಕೊಳ್ಳುತ್ತೇನೆ, ಸೋಮವಾರ ಗಡ್ಡ ತೆಗೆಯುತ್ತೇನೆ, ಮಂಗಳವಾರ ತೆಗೆಯುವುದಿಲ್ಲ ಅಂತ. ನಮ್ಮ ಮನೆಯಲ್ಲಿ ಮಂಗಳವಾರ ಕತ್ತರಿ, ಬ್ಲೇಡು ಮುಟ್ಟುವುದಿಲ್ಲ, ಅದನ್ನು ಇಲ್ಲೂ ಬಿಟ್ಟಿಲ್ಲ.

ಮೊಂಬಾಸಾ_ಅಕ್ಕ

ಭಲೇ! ಗಂಟೆ ಸರಿಯಾಗಿ ಬರೆದಿದ್ದೀಯ, ಅದನ್ನು ನೋಡಿ ಖುಷಿಯಾಯಿತು. ‘ಕುಮಿ ನ ಂಬಿಲಿ’ ಅಂದರೆ 12. ಬೆಳಗಿನ ಆರನ್ನು 12 ಅನ್ನುತ್ತಾರೆ, ಏಳನ್ನು ಒಂದು ಅನ್ನುತ್ತಾರೆ. ಹೊತ್ತು ಹುಟ್ಟಿದ ಮೇಲೆ ಎಣಿಕೆ ಶುರು. ಓದುವ ಬೇರೆಯವರೂ ಗಮನಿಸಲಿ, ಇಲ್ಲದಿದ್ದರೆ ಬಸ್ಸು ತಪ್ಪುತ್ತದೆ.

‘ಝಾಂಗು’ ತೆಗೆದುಬಿಡು. ನಿನ್ನ ಕೂದಲು ಅಂತ ಗೊತ್ತು. ‘ಮಿಮಿ’ ಒಂದೇ ಸಲ ಇಟ್ಟಿದ್ದೀಯ, ಸರಿ.

ಕೊನೆಯ ವಾಕ್ಯ ಇನ್ನೊಮ್ಮೆ ನೋಡು. ‘ಹು-ನ್ಯೋಇ’ ಅಂದರೆ ‘ನೀನು ಬೋಳಿಸುವುದಿಲ್ಲ’. ಆ ಹುಡುಗನ ಹತ್ತಿರ ಆದ ತಪ್ಪೇ ಬೇರೆ ಬಾಗಿಲಿನಿಂದ ಬಂದಿದೆ. ‘ಹು’ವಿನ ಬಾಲ ತಿರುಚಿದರೆ ‘ಇಲ್ಲ’ ಆಗುವುದಿಲ್ಲ. ‘ಇಲ್ಲ’ ಅನ್ನುವಾಗ ಮಾಡುವವನು ವಾಪಸ್ ಬರಬೇಕು.

ಮೈಸೂರು_ಹುಡುಗಿ

ವಾರದ ಹೆಸರು ನಂಗೆ ಗೊತ್ತು! ಶನಿವಾರ ‘ಜುಮಮೋಸಿ’, ಮೊದಲನೆಯದು. ಭಾನುವಾರ ‘ಜುಮಪಿಲಿ’, ಎರಡು. ಹಾಗೇ ಮಂಗಳವಾರ ‘ಜುಮಾನ್ನೆ’, ನಾಲ್ಕು. ಬುಧವಾರ ‘ಜುಮತಾನೊ’, ಐದು. ಗುರುವಾರ ಮಾತ್ರ ‘ಅಲ್ಹಮಿಸಿ’. ಅದೂ ಅರಬ್ಬಿಯಲ್ಲಿ ಐದು ಅಂತಲೇ! ವಾರದಲ್ಲಿ ಎರಡು ಐದು.

ಹೊಸಬ_ದಾರ್

ತಿದ್ದಿದೆ ಅಕ್ಕಾ. ‘ಜುಮಾನ್ನೆ ಹುವ ಸಿ-ನ್ಯೋಇ.’ ಇವತ್ತು ಅದೇ ಕಟಿಂಗ್ ಶಾಪಿಗೆ ಹೋಗಿ ‘ನ-ತಾಕ ಕು-ನ್ಯೊಲೆವ’ ಅಂದೆ. ಸುಮ್ನೆ ಕುರ್ಚಿ ತೋರಿಸಿದರು. ಕೂತ ಮೇಲೆ ಮಂಗಳವಾರದ ವಾಕ್ಯವನ್ನೂ ಹೇಳಿದೆ. ಯಾಕೆ ಅಂತ ಕೇಳಿದರು. ಊರಿನಲ್ಲಿ ಮಂಗಳವಾರ ಕಟಿಂಗ್ ಶಾಪ್ ಮುಚ್ಚಿರುತ್ತವೆ ಅಂತ ಹೇಳಬೇಕಿತ್ತು. ಒಂದು ಕ್ಷಣ ಯೋಚಿಸಿ ‘ಕ್ವೇತು ವಿನ್ಯೋಝಿ ಹು-ಫುಂಗ ಜುಮಾನ್ನೆ’ ಅಂದೆ. ಅವರು ಕತ್ತರಿ ನಿಲ್ಲಿಸಿ, ಪಕ್ಕದ ಕುರ್ಚಿಯವರಿಗೆ ಅದೇ ವಾಕ್ಯವನ್ನು ತಿರುಗಿ ಹೇಳಿದರು. ಒಂದಕ್ಷರವೂ ಬದಲಿಸಲಿಲ್ಲ.